ಹೊಳೆಯ ಮಣ್ಣಿನ ಎತ್ತು

ಹೊಳೆದಂಡೆಯ ಒಂದೂರಲ್ಲಿ ಒಬ್ಬ ಸಾಹುಕಾರ ಇದ್ದ. ಅವನಿಗೊಬ್ಬಳು ಪುಟ್ಟ ಮೊಮ್ಮಗಳು. ಒಂದು ಮಳೆಗಾಲ ಹೊಳೆ ಊರೊಳಗೆ ನುಗ್ಗಿತು. ಮನೆಯವರೆಲ್ಲ ಮಾಳಿಗೆ ಏರಿ ಜೀವ ಉಳಿಸಿಕೊಂಡರು. ಆದರೆ ಆ ಮಗು ದಿನಾ ಮೇವು ತಿನ್ನಿಸುತ್ತಿದ್ದ ಬಿಳಿ ಎತ್ತು ಅವಳ ಕಣ್ಣೆದುರೇ ತೇಲಿಹೋಯಿತು. ಅವತ್ತಿನಿಂದ ಮಗು ಮಾತು ಬಿಟ್ಟಿತು.

ಸಾಹುಕಾರ ಏನು ಮಾಡಿದ? ನೀರಿನ ಗುರುತು ಕಾಣದಂತೆ ಗೋಡೆಗೆ ಸುಣ್ಣ ಹೊಡೆಸಿದ, ಹೊಳೆಯ ಕಡೆಯ ಕಿಟಕಿ ಮುಚ್ಚಿಸಿದ, ಮನೆಯಲ್ಲಿ ಯಾರೂ ನೆರೆಯ ಸುದ್ದಿ ಎತ್ತಕೂಡದು ಎಂದ. ಪ್ರೀತಿಯಿಂದಲೇ ಮಾಡಿದ, ನೋಡಿ. ಮಗು ಮಾತ್ರ ಬಾಯಿ ಬಿಡಲಿಲ್ಲ.

ಮರುವರ್ಷ ಮಣ್ಣೆತ್ತಿನ ಅಮಾವಾಸ್ಯೆ ಬಂತು. ಮಣ್ಣು ತಂದು, ಮನೆಯಲ್ಲೇ ಎತ್ತು ಮಾಡಿ ಪೂಜಿಸುವ ಹಬ್ಬ. ಹೊಳೆ ತಂದ ಮಣ್ಣು ಹೊಸ್ತಿಲು ದಾಟಬಾರದೆಂದು ಈ ಪುಣ್ಯಾತ್ಮ ಪೇಟೆಯಿಂದ ಬಣ್ಣದ ಮರದ ಎತ್ತು ತಂದಿಟ್ಟ. ಮಣ್ಣೆತ್ತಿನ ಹಬ್ಬಕ್ಕೆ ಮಣ್ಣೇ ಬೇಡ ಎಂದರೆ ಹೇಗೆ?

ಪೂಜೆಯ ಹೊತ್ತಿಗೆ ಮಗು ಕಾಣಲಿಲ್ಲ. ಹುಡುಕಿದರೆ ಓಣಿಯ ಮಕ್ಕಳ ನಡುವೆ ಕೂತು, ನೆರೆ ಬಿಟ್ಟುಹೋದ ಕರಿಮಣ್ಣಿನಲ್ಲಿ ಎತ್ತು ಮಾಡುತ್ತಿದೆ. ಉಳಿದ ಮಕ್ಕಳು ಮಣ್ಣಿನ ಮನೆ ಕಟ್ಟಿ, ಚೊಂಬಿನಿಂದ ನೀರು ಸುರಿದು, ಹೊಳೆ ಬಂದ ಆಟ ಆಡುತ್ತಿದ್ದಾರೆ. ಸಾಹುಕಾರ ಗದರಿಸಲು ಹೋದ. ಪಕ್ಕದ ಮನೆಯ ಮುದುಕಿ ತಡೆದಳು. ಈ ಮಕ್ಕಳು ಮೊದಮೊದಲು ಅರ್ಧ ಆಟಕ್ಕೇ ಅತ್ತು ಎದ್ದು ಹೋಗುತ್ತಿದ್ದರಂತೆ, ಈಗ ಎಲ್ಲರನ್ನೂ ಮಾಳಿಗೆಗೆ ಹತ್ತಿಸಿಯೇ ಆಟ ಮುಗಿಸುತ್ತಾರಂತೆ.

ಆಗ ಮೊಮ್ಮಗಳು ತಲೆಯೆತ್ತಿದಳು.

"ಅಜ್ಜಾ, ಎತ್ತಿನ ಹಗ್ಗ ನಾನ ಬಿಚ್ಚಿದ್ದೆ. ಅದಕ್ಕ ಅದು ಹೋತೇನು?"

ಒಂದು ವರ್ಷ, ನೋಡಿ! ಒಂದು ವರ್ಷ ಆ ಕೂಸು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡಿತ್ತು. ಕೇಳೋಣವೆಂದರೆ ಮನೆಯಲ್ಲಿ ಆ ಮಾತೇ ನಿಷಿದ್ಧ. ಸಾಹುಕಾರ ಬಿಳಿ ಧೋತ್ರದಲ್ಲೇ ಕೆಸರಿಗೆ ಕೂತ.

"ನೀ ಬಿಚ್ಚಿದ್ದಕ್ಕ ಅದಕ್ಕ ಈಸಾಕರೆ ಬಂತವ್ವಾ. ಕಟ್ಟಿದ್ರ ಅಲ್ಲೇ ಮುಳುಗತಿತ್ತು."

ಮಗು ಅತ್ತಿತು. ಅತ್ತು ಮುಗಿದ ಮೇಲೆ, ಎತ್ತಿಗೆ ಕೋಡು ಇಡಲು ಅಜ್ಜನನ್ನೇ ಕರೆಯಿತು. ಅಂದು ದೇವರ ಮುಂದೆ ಪೂಜೆಗೆ ಕೂತದ್ದು ಆ ಸೊಟ್ಟ ಎತ್ತೇ.

ಹೋದ ಮಳೆಗಾಲ ನಮ್ಮೂರೂ ನೀರು ಕಂಡಿದೆ. ಮಕ್ಕಳು ಅದರ ಮಾತೆತ್ತಿದರೆ ನೀವೇನೆನ್ನುತ್ತೀರಿ? "ಸುಮ್ನಿರು, ಅದೆಲ್ಲ ಮರ್ತುಬಿಡು" ಅನ್ನುತ್ತೀರಿ, ಅಲ್ಲವೇ? ಇನ್ನು ಮೇಲೆ ಹಾಗನ್ನಬೇಡಿ. ಆಡಿದರೆ ಆಡಲಿ, ಅತ್ತರೆ ಅಳಲಿ. ಕೈಗೊಂದು ಕೆಲಸ ಕೊಡಿ, ಪಕ್ಕದಲ್ಲಿ ಕೂತುಕೊಳ್ಳಿ. ಇವತ್ತು ಊಟಕ್ಕೆ ಕೂತಾಗ, ಆ ದಿನ ನೀನೇನು ಮಾಡಿದೆ ಕಂದಾ ಎಂದು ಕೇಳಿ. ಮಗು ಹೇಳಿ ಮುಗಿಸುವವರೆಗೂ ತಟ್ಟೆ ಬಿಟ್ಟು ಏಳಬೇಡಿ.