ಹೊಸ್ತಿಲಿನ ಮೊಳೆ

ನಂಬೋದು ಬಿಡೋದು ನಿಮ್ಮಿಷ್ಟ. ನನ್ನ ಚಿಕ್ಕಪ್ಪನ ಮಗ ಜುಂಜೇಶ್‌ಗೆ ಹೋದ ವರ್ಷ ಆದದ್ದು ಇದು.

ಅವನ ತಂಗಿ ಚಿತ್ರಾ ಹೆತ್ತು ಆರು ದಿನ. ತವರಲ್ಲಿ ತಾಯಿ ಇಲ್ಲ, ಅದಕ್ಕೇ ಬಾಣಂತನ ಗಂಡನ ಮನೆಯಲ್ಲಿ, ಬಬ್ಬೂರಿನ ಆಚೆ. ಗಂಡ ಚಂದ್ರುಗೆ ಇವಳು ಎರಡನೆಯವಳು. ಮೊದಲನೆಯವಳು ರೋಜಾ, ಬಾಣಂತನದಲ್ಲೇ ದೆವ್ವ ಹಿಡಿದು ಸತ್ತಳು ಅಂತ ಹೇಳಿ ಹೆಣ್ಣು ಕೇಳಿದ್ದರು. ನಾವೂ ಅಯ್ಯೋ ಪಾಪ ಅಂತ ಕೊಟ್ಟೆವು.

ಜುಂಜೇಶ್ ಕೊಬ್ಬರಿ, ಬೆಲ್ಲ ಹಿಡಿದು ಕೊನೇ ಬಸ್ಸಿಗೆ ಇಳಿದ. ಊರ ಬಾವಿ ದಾಟಿ ಹೋಗಬೇಕು. ರಾಟೆ ಕಿರ್... ಕಿರ್... ಅಂತಿತ್ತು. ಹಗ್ಗ ಇಲ್ಲ. ಗಾಳಿಯೂ ಇಲ್ಲ... ಕಟ್ಟೆ ಮೇಲೆ ಒಬ್ಬಳು ಕೂತಿದ್ದಳು. ತಲೆಗೆ ಬಿಗಿಯಾಗಿ ಬಟ್ಟೆ, ಕಿವಿಗೆ ಹತ್ತಿ. ಬಾಣಂತಿ.

"ಅಣ್ಣಾ... ಚಿತ್ರಾಗೆ ತಲೆನೋವು, ಕಣ್ಣು ಮಂಜು. ನಂಗೂ ಹಂಗೇ ಶುರುವಾಗಿದ್ದು."

"ಯಾರವ್ವ ನೀನು?"

"ಅಟ್ಟದ ಮೇಲೆ, ಮೊರದ ಕೆಳಗೆ ನನ್ನ ಬಸುರಿ-ಬಾಣಂತನದ ಆಸ್ಪತ್ರೆ ಚೀಟಿ, ತಾಯಿ ಕಾರ್ಡ್ ಐತೆ. ಓದು. ನಾನೇ ಒಳಗೆ ಬರಾಣ ಅಂದ್ರೆ... ಹೊಸ್ತಿಲಿಗೆ ಮೊಳೆ ಹೊಡೆದಾರೆ."

ಬಾವಿಯೊಳಗೆ ಗುಳುಂ ಅಂತು. ಕಟ್ಟೆ ಖಾಲಿ.

ಓಡಿದ. ಚಿತ್ರಾ ಚಾಪೆ ಮೇಲೆ ಸೆಟೆದು ಅದುರುತ್ತಿದ್ದಳು. ಹಲ್ಲು ಕಟಕಟ. ಅತ್ತೆ ಏಕಾಂತಮ್ಮ ಬೇವಿನ ಸೊಪ್ಪಲ್ಲಿ ಹೊಡೀತಾ, "ರೋಜಾ ಬಂದವ್ಳೆ! ದೆವ್ವ ಬಿಡ್ಸೋರ್ನ ಕರೀರಿ!" ಅಂತಿದ್ದಳು.

ಜುಂಜೇಶ್ ಅಟ್ಟ ಹತ್ತಿದ. ಕಾರ್ಡ್ ಇತ್ತು. ರೋಜಾಳ ಹೆರಿಗೆಯಾದ ಮೇಲೆ ಆಸ್ಪತ್ರೆಯವರು ಬರೆದದ್ದು: ಬಿ.ಪಿ. ಜಾಸ್ತಿ, ಫಿಟ್ಸ್ ಬರಬಹುದು, ತಲೆನೋವು ಬಂದರೆ ಕೂಡಲೇ ಕರೆತನ್ನಿ.

"ಭಾವ, ಇದು ನಿಂಗೆ ಗೊತ್ತಿತ್ತಾ?"

ಚಂದ್ರು ತಲೆ ಎತ್ತಲಿಲ್ಲ. "ಗೊತ್ತಿತ್ತು. ನಾವು ಆಸ್ಪತ್ರೆಗೆ ಕರ್ಕಂಡು ಹೋಗ್ಲಿಲ್ಲ ಅಂತ ಜನ ಅಂತಾರೆ... ಅದಕ್ಕೇ ಅವ್ವ ದೆವ್ವ ಅನ್ನು ಅಂದ್ಳು."

ತಮ್ಮ ತಪ್ಪನ್ನು ಸತ್ತವಳ ತಲೆಗೆ ಕಟ್ಟಿ, ನಮ್ಮ ಹುಡುಗಿಯನ್ನೂ ಅದೇ ಚಾಪೆಗೆ ತಂದಿದ್ದರು. ನಂಬಿಸಿ ಕತ್ತು ಕುಯ್ಯೋದು ಅಂದರೆ ಇದೇ ಅಲ್ವಾ?

ಕೂಸಿನ ಸಮೇತ ಆಂಬುಲೆನ್ಸಲ್ಲಿ ಚಿತ್ರದುರ್ಗಕ್ಕೆ. ಡಾಕ್ಟರಮ್ಮ ಇಂಜೆಕ್ಷನ್ ಕೊಟ್ಟರು. ಮೊದಲು ಮೂರ್ಛೆ ಬರ್ತಿತ್ತಾ ಅಂತ ಕೇಳಿದರು, ಬಿ.ಪಿ. ನೋಡಿದರು, ಮೂತ್ರ ಪರೀಕ್ಷೆ, ತಲೆ ಸ್ಕ್ಯಾನ್ ಮಾಡಿಸಿದರು. "ಇದು ಬಿ.ಪಿ. ಏರಿ ಬಂದ ನಂಜು ಕಣಪ್ಪ. ಹೆರಿಗೆ ಆದ್ಮೇಲೂ ಬರುತ್ತೆ," ಅಂದರು. ಚಿತ್ರಾ ಉಳಿದಳು.

ಬಟ್ಟೆಬರೆ ತರಲು ಹೋದ ಜುಂಜೇಶ್ ಹೊಸ್ತಿಲು ತಡವಿದ. ಅರಿಶಿನದ ಕೆಳಗೆ ನಾಲ್ಕು ಮೊಳೆ. ಅದು ಏಕಾಂತಮ್ಮನನ್ನು ಬಿಟ್ಟರೆ ಯಾರಿಗೂ, ಚಂದ್ರುಗೂ ಗೊತ್ತಿರಲಿಲ್ಲವಂತೆ. ಇಕ್ಕಳ ಹಾಕಿ ಒಂದೊಂದನ್ನೂ ಕಿತ್ತ.

ಚಿತ್ರಾ ಆ ಮನೆಗೆ ಮತ್ತೆ ಕಾಲಿಡಲಿಲ್ಲ. ಏಕಾಂತಮ್ಮ ಅಲ್ಲೇ ಇದ್ದಾಳೆ. ನಾನೇ ಹೋಗಿ ಕಣ್ಣಾರೆ ನೋಡಿದೀನಿ, ಸುಳ್ಳಾದರೆ ನನ್ನ ನಾಲಿಗೆ ಸೇದಿಹೋಗಲಿ... ಬೆಳಗ್ಗೆ ಎದ್ದರೆ ಹೊಸ್ತಿಲ ಮೇಲೆ ಒದ್ದೆ ಹೆಜ್ಜೆ. ಎಲ್ಲಾ ಒಳಗೆ ಹೋದವೇ. ಹೊರಗೆ ಬಂದದ್ದು ಒಂದೂ ಇಲ್ಲ.