ಇಂಗಾಳ ನಿದ್ದೆಗೊಂದು ಡ್ರಮ್ಮು

ದೇವರಾಣೆ, ಇದರಲ್ಲಿ ಒಂದಕ್ಷರವೂ ನನ್ನ ಕೈಯಿಂದ ಸೇರಿದ್ದಲ್ಲ. ಮೊಂಟಾನಾದ ನಮ್ಮೂರಿನ ಬಂದೂಕಿನಂಗಡಿಯಲ್ಲಿ ಸರದಿಗೆ ನಿಂತಿದ್ದೆ. ಮುಂದೆ ಮುದುಕ ಹಾಗನ್, ಕೌಂಟರಿನ ಆಚೆ ಅಂಗಡಿಯ ವರ್ನಾ.

"ಹಾರಿಸಿದ ಖಾಲಿ ಹಿತ್ತಾಳೆ ತೋಟಾನ ಮತ್ತೆ ಮದ್ದು ತುಂಬೋಕೆ ಮುಂಚೆ ತೊಳೆಯೋ ಡ್ರಮ್ಮು ಬೇಕಮ್ಮ. ಹಳೇದು ಕೆಟ್ಟೋಯ್ತು."

"ಇದು ತಗೊಳ್ಳಿ ತಾತ. ಒಳಗೆಲ್ಲಾ ರಬ್ಬರು. ನೀರು, ಸೋಪು, ಉಕ್ಕಿನ ಕಡ್ಡಿ ಹಾಕಿ ತಿರುಗಿಸಿದ್ರೂ ಸದ್ದೇ ಬರಲ್ಲ."

"ಸದ್ದು ಬರದಿದ್ರೆ ನನಗ್ಯಾಕೆ? ನನ್ನ ಹೆಂಡ್ತಿ ಇಂಗಾ ನಲವತ್ತು ವರ್ಷ ಆ ಸದ್ದು ಕೇಳ್ಕೊಂಡೇ ಮಲಗಿದ್ದು. ಅದು ನಿಂತು ಒಂಬತ್ತು ದಿನ. ಪಾಪ, ಕಣ್ಣೇ ಮುಚ್ಚಿಲ್ಲ."

"ಮತ್ತೆ ತೋಟಾ ಹೊಳೀಬೇಡ್ವಾ?"

"ಜಿಂಕೆ ಬಂದು ನೋಡುತ್ತಾ?"

ವರ್ನಾ ಅಟ್ಟದಿಂದ ಬರೀ ತಗಡಿನ ಡ್ರಮ್ಮೊಂದನ್ನು ಇಳಿಸಿ, ಕಡ್ಡಿ, ನೀರು ತುಂಬಿ ಚಾಲೂ ಮಾಡಿದಳು. ಕರಗಿದ ಹಿಮದ ನೀರಿನಲ್ಲಿ ಹೊಳೆಯ ಹರಳುಕಲ್ಲು ಉರುಳುವಂಥ ಸದ್ದು. ಸರದಿಯಲ್ಲಿದ್ದವರು ಒಬ್ಬರ ಹೆಗಲಿಗೊಬ್ಬರು ಒರಗಿದರು. ಗೋಡೆಯ ಮೇಲಿನ ಹುಲ್ಲು ತುಂಬಿದ ಕರಡಿ ಆಕಳಿಸಿದ್ದನ್ನು ನಾನೇ ನೋಡಿದೆ.

ಹಾಗನ್ ಮನೆಗೆ ಕರೆ ಮಾಡಿ ಫೋನನ್ನು ಡ್ರಮ್ಮಿನ ಹತ್ತಿರ ಹಿಡಿದ. "ಇಂಗಾ, ಇದೇನಾ?"

ಆ ಕಡೆಯಿಂದ ಸಣ್ಣ ಗೊರಕೆ ಕೇಳಿಸಿತು.

"ಇದೇ," ಎಂದು ಪಿಸುಗುಟ್ಟಿ ನೋಟುಗಳನ್ನಿಟ್ಟ.

"ತಾತ, ಎರಡು ವರ್ಷಕ್ಕೊಂದ್ಸಲ ಡ್ರಮ್ಮು ತಿರುಗಿಸೋ ಬೆಲ್ಟು ಬದಲಾಯಿಸ್ಬೇಕು, ಇಲ್ಲಾಂದ್ರೆ…"

ಹಾಗನ್ ಆಗಲೇ, ಫೋನನ್ನು ಆರಿಸದೆ, ಸದ್ದು ನಿಲ್ಲದಂತೆ ಡ್ರಮ್ಮನ್ನು ತೋಳಿನಲ್ಲೇ ಉರುಳಿಸುತ್ತಾ, ತುದಿಗಾಲಲ್ಲಿ ಬಾಗಿಲು ದಾಟಿದ್ದ.