ಅಜ್ಜನ ಹೆಗಲ ಮೇಲಿನ ಕೈ

ಆಸ್ಪತ್ರೆಯ ಸ್ಕ್ಯಾನಿಂಗ್ ಕೋಣೆಯ ಹೊರಗೆ ತನ್ನ ಸರದಿಗೆ ಕಾಯುತ್ತಿದ್ದ ಟೈಲರಮ್ಮನಿಗೆ ಫ್ಯಾನಿನ ಗಾಳಿಗೆ ಜೊಂಪು ಹತ್ತಿತ್ತು. ಪಕ್ಕದ ಬೆಂಚಿನಲ್ಲಿ ಒಬ್ಬ ಅಜ್ಜ, ಮೊಮ್ಮಗಳು. ಹುಡುಗಿಯ ಅಂಗಿಯ ಎಡತೋಳನ್ನು ಮಾತ್ರ ಅಗಲವಾಗಿ ಹೊಲಿದದ್ದು ಅರೆಗಣ್ಣಿನಲ್ಲೂ ಅವಳಿಗೆ ಕಂಡಿತು. ಅದರೊಳಗೆ ಮೊಣಕೈವರೆಗೂ ನೀಲಿ ಊತ. ಅಜ್ಜ ಆ ಕೈಯನ್ನು ಎತ್ತಿ ತನ್ನ ಹೆಗಲ ಮೇಲೆ ಇಟ್ಟುಕೊಂಡಿದ್ದ.

“ಇಳಿಬಿಟ್ರೆ ರಕ್ತ ತುಂಬ್ಕೊಂಡು ನೋಯುತ್ತೆ ಪುಟ್ಟಿ, ಹಾಗೇ ಇರ್ಲಿ.”

“ನಂಗೇ ಯಾಕಜ್ಜ ಇದು?”

“ನೀನು ಹೊಟ್ಟೇಲಿದ್ದಾಗ, ರಕ್ತನಾಳ ಬೆಳೆಯೋವಾಗ್ಲೇ ಅಲ್ಲೊಂಚೂರು ಗೋಜಲಾಯ್ತಂತೆ. ಯಾರ ತಪ್ಪೂ ಅಲ್ಲ ಅಂದ್ರು ಡಾಕ್ಟ್ರು.”

“ಅಮ್ಮ ತನ್ನದೇ ತಪ್ಪು ಅಂತಾಳೆ.”

“ಅವಳಿಗೆ ನಾನು ಹೇಳ್ತೀನಿ ಬಿಡು. ಇಂಜೆಕ್ಷನ್ ಕೊಡ್ತಾ ಕೊಡ್ತಾ ಊತ ಕುಗ್ಗುತ್ತೆ.”

“ಕನಸಲ್ಲಿ ಅದರೊಳಗೆ ಹೊಳೆ ಹರಿಯುತ್ತೆ. ನಾನು ದೋಣೀಲಿ ಮಲಗಿರ್ತೀನಿ. ನೀನು ದಡದಲ್ಲಿ ನನ್ನ ಕೈ ಹಿಡ್ಕೊಂಡು ಬರ್ತಾ ಇರ್ತೀಯ.”

“ಮತ್ತೆ? ನಿಂಗೆ ನಿದ್ದೆ ಹತ್ತೋವರೆಗೂ ದಿನಾ ಕೈ ಎತ್ತಿ ಹಿಡ್ಕೊಳ್ಳೋದು ಯಾರು?”

“ಊತ ಕುಗ್ಗಿದ್ಮೇಲೆ ಹಿಡ್ಕೊಳ್ಳಲ್ವಾ?”

ಅಜ್ಜ ಕನ್ನಡಕ ಒರೆಸಿಕೊಂಡ. ನರ್ಸ್ ಬಾಗಿಲು ತೆರೆದು ಕರೆದಳು. ಹುಡುಗಿ ಎದ್ದು, ಚೆನ್ನಾಗಿದ್ದ ಕೈಯನ್ನು ಚಾಚಿದಳು.

“ಇವತ್ತಿಂದ ಇದನ್ನ ಹಿಡ್ಕೊಂಡು ಅಭ್ಯಾಸ ಮಾಡ್ಕೋ.”

ಅವರು ಒಳಗೆ ಹೋದರು.